ಕೊನೆಯ ಹದಿನಾರು ಪುಟ

ನಾನು ಮಧುಗಿರಿಯಲ್ಲಿ ರವಿಕೆ ಹೊಲಿಯುವವಳು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ. ಒಂದು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಒಂದು ಮೇಜು, ಗಿರಾಕಿಗಳು ಕೂರಲು ಒಂದು ಬೆಂಚು. ಬಾಗಿಲಲ್ಲಿ ನಿಂತು ಕತ್ತೆತ್ತಿದರೆ ಬೆಟ್ಟ. ಓದುವ ಹುಚ್ಚು ನನಗೆ ಹೈಸ್ಕೂಲಿನಿಂದಲೂ ಇತ್ತು. ಆದರೆ ಪುಸ್ತಕಕ್ಕೆ ಸೂಜಿ ಹಾಕುವ ಕೆಲಸ ಮೈಮೇಲೆ ಬಿದ್ದದ್ದು ನಲವತ್ತೈದು ದಾಟಿದ ಮೇಲೆ, ಒಬ್ಬ ಗಿರಾಕಿಯಿಂದ.

ಆಕೆ ಐ.ಡಿ.ಹಳ್ಳಿ ಕಡೆಯ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ಊರೆಲ್ಲ ಅವರನ್ನು ಮೇಡಂ ಅನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ. ಎತ್ತರದ ಹೆಂಗಸು, ನಗುವುದು ಬಹಳ ಕಡಿಮೆ. ಒಂದು ದಿನ ರವಿಕೆ ತೆಗೆದುಕೊಂಡು ಹೋಗಲು ಬಂದವರು ಚೀಲದಿಂದ ಒಂದು ಪುಸ್ತಕ ತೆಗೆದು ನನ್ನ ಮೇಜಿನ ಮೇಲಿಟ್ಟರು. ಇಟ್ಟ ರಭಸಕ್ಕೆ ಅದರ ಹಾಳೆಗಳು ನಾಲ್ಕು ದಿಕ್ಕಿಗೆ ಜಾರಿದವು.

‘ಇದಕ್ಕೂ ಒಂದು ಹೊಲಿಗೆ ಹಾಕ್ಕೊಡಮ್ಮ,’ ಅಂದರು.

‘ನಾನು ಬಟ್ಟೆ ಹೊಲಿಯೋಳು, ಮೇಡಂ.’

‘ಇದೂ ಹೊಲಿಗೇನೆ ಕಣಮ್ಮ. ಸೂಜಿ ಐತೆ, ದಾರ ಐತೆ. ನಿಂಗಿನ್ನೇನು ಬೇಕು?’

ಹೀಗೆ ನಾನು ಅವರ ಬಳಗಕ್ಕೆ ಸೇರಿಬಿಟ್ಟೆ. ಬಳಗವೆಂದರೆ ಬೋರ್ಡು ಕಚೇರಿ ಏನೂ ಇಲ್ಲ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ಊರುಗಳ ಸಾರ್ವಜನಿಕ ಗ್ರಂಥಾಲಯಗಳಿಗೆ ಕೈಲಾದ ಕೆಲಸ ಮಾಡಿಕೊಡುವ ಒಂದಷ್ಟು ಜನ. ಹರಿದ ಪುಸ್ತಕ ರಿಪೇರಿ ಮಾಡುವುದು, ಕಪಾಟು ಜೋಡಿಸುವುದು, ಕಣ್ಣು ಮಂದವಾದವರಿಗೆ ಬೆಳಿಗ್ಗೆ ಪೇಪರ್ ಓದಿ ಹೇಳುವುದು, ಒಂದೂರಲ್ಲಿ ಇಲ್ಲದ ಪುಸ್ತಕವನ್ನು ಇನ್ನೊಂದೂರಿಂದ ತರಿಸಿಕೊಡುವುದು. ಈ ತರಿಸುವ ಕೆಲಸ ಕೊರಟಗೆರೆಯ ಒಬ್ಬ ಬಸ್ ಕಂಡಕ್ಟರದು. ಕೊರಟಗೆರೆಯಿಂದ ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಅವರು ಕೆಲಸ ಮಾಡುತ್ತಾರೆ. ಡ್ರೈವರ್ ಸೀಟಿನ ಹಿಂದೆ ಅವರದೊಂದು ಗೋಣಿಚೀಲ ಸದಾ ಇರುತ್ತದೆ. ಕೋಳಿ, ಹೂವಿನ ಬುಟ್ಟಿ, ಸೈಕಲ್ಲು ಎಲ್ಲ ಬಸ್ಸಿನ ಮೇಲೆ ಹೋದರೂ ಆ ಚೀಲ ಮಾತ್ರ ಒಳಗೆ.

ಪುಸ್ತಕ ಹೊಲಿಯುವುದನ್ನು ನನಗೆ ಕಲಿಸಿದವರು ಸಿರಾದ ಒಬ್ಬ ಹಿರಿಯ ಬೈಂಡರು. ಚಾಚಾ ಎಂದು ಕರೆಯುತ್ತೇನೆ. ಅಲ್ಲಿನ ಪೇಟೆಯ ಸಣ್ಣ ಕೋಣೆಯಲ್ಲಿ ಅವರು ಐವತ್ತು ವರ್ಷದಿಂದ ಲೆಡ್ಜರು, ಕಾನೂನು ಪುಸ್ತಕ, ಮಕ್ಕಳ ನೋಟ್‌ಬುಕ್ಕು ಕಟ್ಟುತ್ತಿದ್ದಾರೆ. ಮೊದಲ ದಿನ ನಾನು ರವಿಕೆಗೆ ತೋಳು ಕೂರಿಸುವ ಹಾಗೆ ದಾರ ಬಿಗಿದು ಎಳೆದೆ. ಹಾಳೆ ಪರಕ್ಕೆಂದು ಹರಿಯಿತು.

‘ಆರಾಮ್ಸೆ ಬೇಟಿ, ಆರಾಮ್ಸೆ,’ ಅಂದರು ಚಾಚಾ. ‘ಇದು ಬ್ಲೌಸ್ ಅಲ್ಲ. ಇದನ್ನ ಎಲ್ಲಾರೂ ಹಾಕ್ಕೊತಾರೆ. ಟೈಟ್ ಮಾಡಬ್ಯಾಡ.’

ಪುಸ್ತಕ ಬಿಡಿಬಿಡಿ ಹಾಳೆಯ ಕಟ್ಟಲ್ಲ, ಹದಿನಾರು ಹದಿನಾರು ಪುಟದ ಮಡಿಕೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದದ್ದು, ಅಂಥ ಒಂದೊಂದು ಮಡಿಕೆಗೆ ಫಾರಂ ಅನ್ನುತ್ತಾರೆ ಎಂದು ನನಗೆ ಗೊತ್ತಾದದ್ದು ಅವರಿಂದ. ಮೈದಾ ಅಂಟಿಗೆ ಚೂರು ಮೈಲುತುತ್ತ ಹಾಕಿದರೆ ಹುಳ ಬರುವುದಿಲ್ಲ ಎಂಬುದೂ ಅವರಿಂದಲೇ. ಬೆನ್ನಿಗೆ ಅಂಟಿಸುವ ಬಟ್ಟೆ ಮಾತ್ರ ನನ್ನದು. ರವಿಕೆ ಹೊಲಿದು ಮಿಕ್ಕ ತುಂಡುಗಳು ನನ್ನಲ್ಲಿ ಮೂಟೆಗಟ್ಟಲೆ ಇದ್ದವು. ಆರು ತಿಂಗಳೊಳಗೆ ನಾಲ್ಕು ಊರಿನ ಗ್ರಂಥಾಲಯಗಳ ಕಪಾಟಿನಲ್ಲೂ ಗಿಣಿಹಸಿರು, ಬದನೆ ಬಣ್ಣ, ಜರಿ ಅಂಚು ಎಲ್ಲ ಮಿಂಚತೊಡಗಿದವು. ಒಂದು ಸಲ ನನ್ನ ಗಿರಾಕಿಯೊಬ್ಬಳು ಮಧುಗಿರಿ ಗ್ರಂಥಾಲಯಕ್ಕೆ ಮಗನನ್ನು ಕರೆದುಕೊಂಡು ಹೋದವಳು ನೇರ ಅಂಗಡಿಗೆ ಬಂದಳು.

‘ಅಕ್ಕಾ, ನನ್ನ ನಿಶ್ಚಿತಾರ್ಥದ ಬ್ಲೌಸು ರಸಾಯನಶಾಸ್ತ್ರದ ಮೇಲೈತಲ್ಲ.’

ಬೈಯುತ್ತಾಳೆ ಅಂದುಕೊಂಡೆ. ಆಕೆ ಬೆಂಚಿನ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಗಂಡನಿಗೂ ಅತ್ತೆಗೂ ತೋರಿಸಲು ಆ ಪುಸ್ತಕವನ್ನು ತನ್ನ ಹೆಸರಿನಲ್ಲಿ ಮನೆಗೆ ತೆಗೆದುಕೊಂಡು ಹೋದಳು. ಅದುವರೆಗೆ ಅದನ್ನು ಯಾರೂ ಮನೆಗೆ ಒಯ್ದಿರಲಿಲ್ಲವಂತೆ.

ನಾನು ಹೇಳಬೇಕೆಂದು ಕೂತ ಸಂಗತಿ ಪಾವಗಡದಿಂದ ಬಂದ ಒಂದು ಪುಸ್ತಕದ್ದು. ಅಲ್ಲಿನ ಗ್ರಂಥಾಲಯ ನೋಡಿಕೊಳ್ಳುವ ಹೆಣ್ಣುಮಗಳು ನನಗಿಂತ ಹತ್ತು ವರ್ಷ ಚಿಕ್ಕವಳು. ಕನ್ನಡದಲ್ಲಿ ಶುರು ಮಾಡಿದ ಮಾತು ಅರ್ಧಕ್ಕೆ ತೆಲುಗಿಗೆ ಹೊರಳಿ ಮತ್ತೆ ಕನ್ನಡಕ್ಕೇ ಬಂದು ನಿಲ್ಲುತ್ತದೆ. ಕಂಡಕ್ಟರ್ ಕೈಯಲ್ಲಿ ಪುಸ್ತಕ ಕಳಿಸಿ, ಹಿಂದೆಯೇ ಫೋನು ಮಾಡಿದಳು.

‘ಅಕ್ಕಾ, ಚೂಡಕ್ಕಾ, ಅದರ ಬೆನ್ನು ಸರಿ ಮಾಡ್ಕೊಡು ಸಾಕು. ಕೊನೆ ಹೆಂಗೂ ಲೇದು.’

‘ಕೊನೆ ಇಲ್ಲ ಅಂದ್ರೆ?’

‘ಲೇದು ಅಂದ್ರೆ ಲೇದಕ್ಕಾ. ನಾನು ಕೆಲಸಕ್ಕೆ ಸೇರ್ದಾಗ್ಲಿಂದಾನೂ ಇಲ್ಲ. ಆದ್ರೂ ಇಲ್ಲಿ ಅದನ್ನ ಓದದೇ ಇರೋರೇ ಲೇರು.’

ಪತ್ತೇದಾರಿ ಕಾದಂಬರಿ ಅದು. ಮುಖಪುಟ ಯಾವತ್ತೋ ಹೋಗಿತ್ತು, ಹೆಸರೂ ಇಲ್ಲ, ಬರೆದವರಾರೆಂಬುದೂ ಇಲ್ಲ. ಸಮುದ್ರದ ದಂಡೆಯ ಒಂದೂರು. ಅಲ್ಲೊಬ್ಬ ಹೆಂಚಿನ ಕಾರ್ಖಾನೆಯ ಯಜಮಾನ. ಮಗಳ ನಿಶ್ಚಿತಾರ್ಥದ ಬೆಳಿಗ್ಗೆ ಬೀಗ ಹಾಕಿದ ತನ್ನ ಕೋಣೆಯೊಳಗೆ ಹೆಣವಾಗಿ ಸಿಗುತ್ತಾನೆ. ಅನುಮಾನ ಐದು ಜನರ ಮೇಲೆ: ಗುಮಾಸ್ತ, ಯಜಮಾನನ ತಮ್ಮ, ಡಾಕ್ಟರು, ಮಗಳಿಗೆ ಸಂಗೀತ ಹೇಳಿಕೊಡುವ ಮೇಷ್ಟ್ರು, ಅಡುಗೆಯವನು. ನೂರತೊಂಬತ್ತೆರಡನೇ ಪುಟದಲ್ಲಿ ಪತ್ತೇದಾರ ಎಲ್ಲರನ್ನೂ ಒಂದೇ ಕಡೆ ಸೇರಿಸುತ್ತಾನೆ. ‘ಕೊಂದವರು ಈ ಕೋಣೆಯೊಳಗೇ ಇದ್ದಾರೆ ಎಂದು ಹೇಳಿ ಬಾಗಿಲಿಗೆ ಚಿಲಕ ಹಾಕಿ, ನಿಧಾನವಾಗಿ ತಿರುಗಿ,’ ಎಂಬಲ್ಲಿಗೆ ಪುಟ ಮುಗಿಯುತ್ತದೆ. ಅದರ ಮುಂದೆ ಬರೀ ರಟ್ಟು. ಹೋದದ್ದು ಕೊನೆಯ ಒಂದು ಫಾರಂ, ಹದಿನಾರು ಪುಟ ಇರಬೇಕು.

ಆ ರಟ್ಟಿನ ಒಳಮೈಯಲ್ಲಿ ಓದಿದವರು ಬರೆದಿದ್ದರು. ‘ಗುಮಾಸ್ತನೇ. ಪುಟ 64, ಕೀಲಿಗೊಂಚಲು ನೋಡಿ.’ ಅದರ ಕೆಳಗೆ ಬೇರೆ ಶಾಯಿಯಲ್ಲಿ, ‘64 ನೋಡಿದೆ. ಸುಳ್ಳು. ಡಾಕ್ಟರು.’ ಅದರ ಪಕ್ಕ ತೆಲುಗಿನಲ್ಲಿ ಒಂದು ಸಾಲು. ಫೋಟೋ ತೆಗೆದು ಪಾವಗಡದವಳಿಗೆ ಕಳಿಸಿ ಕೇಳಿದೆ. ‘ತಮ್ಮನೇ ಕೊಂದದ್ದು. ನನಗೂ ಒಬ್ಬ ತಮ್ಮ ಇದ್ದಾನೆ, ನನಗೆ ಗೊತ್ತು ಅಂತ ಬರ್ದವ್ರೆ ಅಕ್ಕಾ,’ ಎಂದಳು. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಯಾರೋ, ‘ದಯವಿಟ್ಟು ಯಾರಾದರೂ ಹೇಳಿ’ ಎಂದು ಬರೆದು ಎರಡು ಗೆರೆ ಎಳೆದಿದ್ದರು.

ನಾನು ಅದನ್ನು ಬರೀ ಹೊಲಿದು ಕಳಿಸಬೇಕಿತ್ತು. ಮೊದಲ ಪುಟಕ್ಕೆ ಕಣ್ಣು ಹಾಕಿದವಳು ಒಂದೂವರೆ ದಿನ ಮಿಷನ್ ಮುಟ್ಟಲಿಲ್ಲ. ಮದುವೆ ರವಿಕೆಗೆ ಬಂದ ತಾಯಿ ಮಗಳನ್ನು ನಾಳೆ ಬನ್ನಿ ಎಂದು ಕಳಿಸಿದೆ. ಸಂಗೀತದ ಮೇಷ್ಟ್ರೇ ಕೊಲೆಗಾರ ಎಂಬುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ.

ಮೇಡಂಗೆ ಹೇಳಿದೆ. ಅವರು ಪುಸ್ತಕ ಒಯ್ದು ಮೂರು ದಿನಕ್ಕೆ ವಾಪಸು ತಂದು, ‘ಡಾಕ್ಟರು,’ ಅಂದರು, ಪರೀಕ್ಷೆಯ ಫಲಿತಾಂಶ ಓದುವ ಹಾಗೆ. ಕಂಡಕ್ಟರ್ ಬಸ್ಸು ನಿಂತ ಕಡೆಯೆಲ್ಲ ಓದಿ, ತಮ್ಮನೆಂದು ತೀರ್ಮಾನಿಸಿದರು. ಚಾಚಾ ಕನ್ನಡ ನಿಧಾನವಾಗಿ ಓದುವವರು. ಹದಿನೈದು ದಿನ ಇಟ್ಟುಕೊಂಡರು.

‘ಅಡುಗೆಯವನು, ಬೇಟಿ. ಯಾರಿಗೂ ಅವನ ಮ್ಯಾಲೆ ಶಕ್ ಬರಲ್ಲ. ಅದಕ್ಕೇ ಅವನೇ.’

ಬಳಗದ ಮುಂದಿನ ಸಭೆಯಲ್ಲಿ ನಾವು ನಾಲ್ವರೂ ಬೇರೆ ಕೆಲಸ ಬಿಟ್ಟು ಇದೊಂದನ್ನೇ ವಾದಿಸಿದೆವು. ಮೇಡಂ ಮೇಜು ಕುಟ್ಟಿದರು. ಅಷ್ಟು ದೊಡ್ಡವರು ಡಾಕ್ಟರನ ವಿಷಯಕ್ಕೆ ಮೇಜು ಕುಟ್ಟಿದ್ದು ನೋಡಿ ನನಗೆ ಒಳಗೊಳಗೇ ನಗು. ಕೊನೆಗೆ ಅವರೇ, ‘ಸುಮ್ನೆ ಕಿತ್ತಾಡೋದು ಬುಟ್ಟು ಆ ಹದಿನಾರು ಪುಟ ಹುಡುಕ್ರಪ್ಪ. ಎಲ್ಲೋ ಇನ್ನೊಂದು ಪ್ರತಿ ಇದ್ದೇ ಇರ್ತದೆ,’ ಎಂದರು.

ಹುಡುಕಾಟ ಶುರುವಾಯಿತು. ಹೆಸರಿಲ್ಲದ ಪುಸ್ತಕವನ್ನು ಹುಡುಕುವುದು ಹೇಗೆ? ನಾನೂ ಮೇಡಮ್ಮೂ ಮಧುಗಿರಿಯ ಕಪಾಟುಗಳಲ್ಲಿ ದಪ್ಪ ನೋಡಿ ನೋಡಿ ಒಂದೊಂದೇ ಎಳೆದೆವು. ಕಂಡಕ್ಟರ್ ಟಿಕೆಟ್ ಕೊಡುತ್ತಾ ಬಸ್ಸಿನಲ್ಲಿ ಸಾರುತ್ತಿದ್ದರು: ‘ಹೆಂಚಿನ ಕಾರ್ಖಾನೆ ಯಜಮಾನ ಸತ್ತೋಗಿರೋ ಪುಸ್ತಕ ಯಾರ ಮನೇಲಾದ್ರೂ ಐತಾ?’ ಒಬ್ಬ ಅಜ್ಜ ಗಾಬರಿಯಿಂದ, ‘ಯಾವಾಗ ಸತ್ತರಪ್ಪ, ಪಾಪ?’ ಎಂದು ಕೇಳಿದರಂತೆ.

ಎರಡು ತಿಂಗಳಾಯಿತು. ಒಂದು ಮಧ್ಯಾಹ್ನ ಚಾಚಾ ಫೋನು.

‘ಬೇಟಿ, ಸಿರಾಕ್ಕೆ ಬಾ.’

‘ಏನಾಯ್ತು ಚಾಚಾ?’

‘ಫೋನಲ್ಲಿ ಹೇಳಲ್ಲ. ಮೇಡಮ್‌ನೂ ಕರ್ಕೊಂಡು ಬಾ.’

ಅಂಗಡಿಗೆ ಬೀಗ ಹಾಕಿ ಓಡಿದೆ. ಸಿರಾ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ತೆಗೆದುಹಾಕಲೆಂದು ಒಟ್ಟಿದ್ದ ಹಾಳಾದ ಪುಸ್ತಕಗಳ ರಾಶಿಯ ಮುಂದೆ ಚಾಚಾ ಸ್ಟೂಲು ಹಾಕಿಕೊಂಡು ಕೂತಿದ್ದರು. ತೊಡೆಯ ಮೇಲೊಂದು ಪುಸ್ತಕ, ಅದರ ಮೇಲೆ ಎರಡೂ ಕೈ. ಮೊದಲ ಅರ್ಧವನ್ನು ಗೆದ್ದಲು ತಿಂದು ಮಣ್ಣು ಮಾಡಿತ್ತು. ಒಳಗೆಲ್ಲೋ ಅಡುಗೆಯವನ ಹೆಸರು ಕಣ್ಣಿಗೆ ಬಿದ್ದು ಅವರಿಗೆ ಗುರುತು ಸಿಕ್ಕಿತ್ತು. ಕೊನೆಯ ಪುಟಗಳಿಗೆ ತಿರುವಿದ್ದರು. ನೂರತೊಂಬತ್ತಮೂರರಿಂದ ಇನ್ನೂರ ಎಂಟರವರೆಗೆ ಪೂರಾ ಒಂದು ಫಾರಂ, ಒಂದು ತೂತೂ ಇಲ್ಲದೆ.

‘ಓದಿದ್ರಾ?’ ಎಂದೆ. ನನ್ನ ಧ್ವನಿ ನನಗೇ ಕೀರಲಾಗಿ ಕೇಳಿಸಿತು.

‘ಇಲ್ಲ. ನಂಬರ್ ನೋಡಿದೆ, ಮುಚ್ಚಿದೆ. ಖುದಾ ಕಸಂ.’

ನಾನು ಕೈ ಚಾಚಿದೆ. ಮೇಡಂ ನನ್ನ ಕೈ ಹಿಡಿದರು.

‘ಬ್ಯಾಡ. ಪಾವಗಡದೋರು ಇಷ್ಟು ವರ್ಷ ಕಾದವ್ರೆ. ಮೊದಲು ಕೇಳೋ ಹಕ್ಕು ಅವ್ರದು. ಅಲ್ಲೇ ಎಲ್ಲರ ಮುಂದೆ ಓದೋಣ. ಅಲ್ಲೀಗಂಟ ನಾವ್ಯಾರೂ ನೋಡಂಗಿಲ್ಲ.’

ಚಾಚಾ ಅಲ್ಲೇ ಆ ಫಾರಮ್ಮನ್ನು ಬಿಡಿಸಿ, ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ನನ್ನ ಕೈಗೆ ಕೊಟ್ಟರು. ಹೊಲಿಯಬೇಕಾದವಳು ನಾನೇ. ಓದದೆ ಹೊಲಿಯುವುದು ಹೇಗೆಂದು ಚಾಚಾ ಉಪಾಯ ಹೇಳಿದರು: ತಲೆಕೆಳಗಾಗಿ ಇಟ್ಟುಕೊಂಡು ಹೊಲಿ.

ಆ ಎರಡು ದಿನ ನನ್ನ ಅಂಗಡಿಯಲ್ಲಿ ನಾನು ಪಟ್ಟ ಪಾಡು ನನಗೇ ಗೊತ್ತು. ಪೊಟ್ಟಣವನ್ನು ಲೈನಿಂಗ್ ಬಟ್ಟೆಯ ಕೆಳಗಿಟ್ಟೆ, ಆಮೇಲೆ ಇಸ್ತ್ರಿಪೆಟ್ಟಿಗೆಯ ಹಿಂದಿಟ್ಟೆ. ಎಲ್ಲಿಟ್ಟರೂ ಅದು ನನ್ನನ್ನು ಕರೆಯುತ್ತಿತ್ತು. ಬೆಂಚಿನ ಮೇಲೆ ಕೂತ ಗಿರಾಕಿಗಳಿಗೆಲ್ಲ ವಿಷಯ ಗೊತ್ತಾಗಿ, ‘ಒಂದೇ ಒಂದು ಸಾಲು ನೋಡಕ್ಕಾ, ನಾವ್ಯಾರಿಗೂ ಹೇಳಲ್ಲ,’ ಎಂದು ಪೀಡಿಸಿದರು. ಹೊಲಿಯುವಾಗ ಚಾಚಾ ಹೇಳಿದಂತೆ ತಲೆಕೆಳಗೇ ಇಟ್ಟುಕೊಂಡೆ. ಆದರೆ ಅಳತೆಯ ಟೇಪನ್ನು ತಲೆಕೆಳಗಾಗಿ ಓದಿ ಓದಿ ರೂಢಿಯಾದ ಕಣ್ಣು ನನ್ನದು. ಒಂದು ಪದ ತಾನಾಗೇ ಬಂದು ಕೂತುಬಿಟ್ಟಿತು. ಹಾರ್ಮೋನಿಯಂ.

ಹಾರ್ಮೋನಿಯಂ ಅಂದರೆ ಇನ್ನಾರು? ಸಂಗೀತದ ಮೇಷ್ಟ್ರೇ. ನಾನು ಗೆದ್ದಿದ್ದೆ. ಯಾರಿಗೂ ಹೇಳುವಂತಿಲ್ಲ, ನೋಡಿದ್ದು ತಪ್ಪು ಬೇರೆ. ಸೂಜಿ ಬಾಯಲ್ಲಿ ಕಚ್ಚಿಕೊಂಡು ಒಬ್ಬಳೇ ನಗುತ್ತಾ ಕೂತೆ. ಪುಸ್ತಕದ ಬೆನ್ನಿಗೆ ನನ್ನಲ್ಲಿದ್ದ ಅತಿ ಚೆಂದದ ತುಂಡು, ನವಿಲುಬಣ್ಣದ ರೇಷ್ಮೆ ಅಂಟಿಸಿದೆ.

ಒಂದು ಭಾನುವಾರ ಬೆಳಿಗ್ಗೆ ಕಂಡಕ್ಟರ್ ಬಸ್ಸಿನಲ್ಲಿ ನಾವು ಪಾವಗಡಕ್ಕೆ ಹೊರಟೆವು. ಚಾಚಾ ಹಿಂದಿನ ದಿನವೇ ಮಧುಗಿರಿಗೆ ಬಂದು ಮಗಳ ಮನೆಯಲ್ಲಿ ಉಳಿದಿದ್ದರು. ಬಿಳಿ ಜುಬ್ಬಾ ಹಾಕಿ, ಅತ್ತರು ಹಚ್ಚಿಕೊಂಡು ಬಂದಿದ್ದರು. ಪುಸ್ತಕ ಬಟ್ಟೆಯಲ್ಲಿ ಸುತ್ತಿ ನನ್ನ ತೊಡೆಯ ಮೇಲೆ. ಟಿಕೆಟ್ ಮುಗಿಯುತ್ತಿದ್ದಂತೆ ಕಂಡಕ್ಟರ್ ಸೀಟುಗಳ ನಡುವೆ ನಿಂತು, ‘ಇವತ್ತು ಈ ಬಸ್ಸಲ್ಲಿ ಒಬ್ಬ ಕೊಲೆಗಾರ ಅವ್ನೆ, ಆ ಅಕ್ಕನ ಮಡ್ಲಲ್ಲಿ,’ ಎಂದು ಶುರು ಮಾಡಿ ಕತೆಯೆಲ್ಲ ಹೇಳಿದರು. ಮಿಡಿಗೇಶಿ ದಾಟುವ ಹೊತ್ತಿಗೆ ಬಸ್ಸೆಲ್ಲ ಐದು ಪಕ್ಷವಾಗಿತ್ತು. ಪಾವಗಡದಲ್ಲಿ ಸಂಬಂಧಿಕರ ಮನೆಗೆಂದು ಹೊರಟಿದ್ದ ಗಂಡಹೆಂಡತಿ, ತರಕಾರಿ ತರಲು ಹೊರಟಿದ್ದ ಹೋಟೆಲಿನವರು, ಎಲ್ಲ ಇಳಿದು ನಮ್ಮ ಹಿಂದೆಯೇ ಗ್ರಂಥಾಲಯಕ್ಕೆ ನಡೆದರು.

ಗ್ರಂಥಾಲಯದ ಅಂಗಳದಲ್ಲಿ ಬೇವಿನ ಮರದ ಕೆಳಗೆ ಚಾಪೆ ಹಾಸಿದ್ದರು. ನಾನು ಹತ್ತಿಪ್ಪತ್ತು ಜನ ಬಂದಿರಬಹುದು ಅಂದುಕೊಂಡಿದ್ದೆ. ಕಾಂಪೌಂಡಿನ ಮೇಲೂ ಜನ ಕೂತಿದ್ದರು. ಗ್ರಂಥಾಲಯದವಳು ಬಹಳ ಜಾಣೆ. ಬಂದವರನ್ನೆಲ್ಲ ಅವರವರ ಅನುಮಾನದ ಮೇಲೆ ಬೇರೆ ಬೇರೆ ಕೂರಿಸಿದ್ದಳು. ಮರದ ಬುಡದಲ್ಲಿ ಗುಮಾಸ್ತನ ಕಡೆಯವರು, ಮೆಟ್ಟಿಲ ಮೇಲೆ ಡಾಕ್ಟರ ಕಡೆಯವರು, ಗೇಟಿನ ಹತ್ತಿರ ತಮ್ಮನ ಕಡೆಯವರು. ಅಡುಗೆಯವನ ಕಡೆ ನಾಲ್ಕೇ ಜನ. ಚಾಚಾ ಹೋಗಿ ಕೂತಾಗ ಅವರೆಲ್ಲ ಎದ್ದು ಕೈ ಕುಲುಕಿದರು. ನಾನು ಸಂಗೀತದ ಮೇಷ್ಟ್ರ ಚಾಪೆಯ ಮೇಲೆ ಗತ್ತಿನಿಂದ ಕೂತೆ.

ಗುಮಾಸ್ತನ ಕಡೆಗೆ ಮುಂದಾಳು ಅದೇ ತಾಲ್ಲೂಕಿನ ರಾಯಚರ್ಲು ಹಳ್ಳಿಯವರೊಬ್ಬರು. ಸೋಲಾರ್ ಪಾರ್ಕಿನಲ್ಲಿ ಸೆಕ್ಯೂರಿಟಿ ಕೆಲಸ. ಪಾಳಿ ಮುಗಿಸಿ ನೇರ ಯೂನಿಫಾರ್ಮಿನಲ್ಲೇ ಬಂದಿದ್ದರು, ಮೀಸೆ ತಿರುವಿಕೊಂಡು, ಕೈಯಲ್ಲೊಂದು ನೋಟ್‌ಬುಕ್ಕು. ಆ ಕಾದಂಬರಿಯನ್ನು ಐದು ಸಲ ಓದಿದವರು. ರಟ್ಟಿನ ಮೇಲೆ ‘ಕೀಲಿಗೊಂಚಲು ನೋಡಿ’ ಎಂದು ಬರೆದವರೂ ಅವರೇ.

‘ನಾನು ಬೀಗದ ಕೈ ಕಾಯೋ ಕೆಲಸದೋನು ಮೇಡಂ,’ ಎಂದರು ಎದ್ದು ನಿಂತು. ‘ಯಾವ ಕೀಲಿ ಯಾರ ಸೊಂಟದಾಗ ಇರ್ತದೆ ಅಂತ ನಂಗೆ ಗೊತ್ತು. ಗುಮಾಸ್ತನೇ. ಇನ್ನೇನೂ ಲೇದು.’

ಅವರ ಕಡೆಯವರು ಚಪ್ಪಾಳೆ ಹೊಡೆದರು. ಡಾಕ್ಟರ ಕಡೆಯಿಂದ ಒಬ್ಬಾಕೆ ನರ್ಸ್ ಎದ್ದು ವಿಷದ ವಿಚಾರವಾಗಿ ಪಾಠವನ್ನೇ ಮಾಡಿದರು.

ಆಗ ಗ್ರಂಥಾಲಯದವಳು ನೀರಿನ ತೊಟ್ಟಿಯ ಕಟ್ಟೆ ಕಡೆ ಹೋದಳು. ಅಲ್ಲಿ ಒಬ್ಬ ಅಜ್ಜಿ ಒಂಟಿಯಾಗಿ ಕೂತಿದ್ದರು. ಸೆರಗಿನಲ್ಲಿ ಹುರಿದ ಕಡಲೆಕಾಯಿ, ಒಂದೊಂದೇ ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

‘ಅವ್ವಾ, ನೀವು ಯಾವ ಕಡೆ? ಹೋಗಿ ಚಾಪೆ ಮೇಲೆ ಕೂತ್ಕೊಳ್ಳಿ.’

‘ನಮ್ಮೋನು ಬೇರೆ ಅವ್ನೆ ಬುಡಮ್ಮ,’ ಎಂದರು ಅಜ್ಜಿ. ‘ಅವ್ನಿಗೆ ಚಾಪೆ ಹಾಸಿಲ್ಲ ನೀವು.’

ಟೀ ಕೊಡುತ್ತಾರೆಂದು ಬಂದವರಿರಬೇಕು ಅಂದುಕೊಂಡು ಎಲ್ಲ ನಕ್ಕರು. ನಾನೂ ನಕ್ಕೆ.

ಮೇಡಂ ಕುರ್ಚಿಯಲ್ಲಿ ಕೂತು ಕನ್ನಡಕ ಹಾಕಿಕೊಂಡರು. ಅವರ ಓದು ತರಗತಿಯ ಓದು. ಕೊನೆಯ ಬೆಂಚಿಗೂ ಕೇಳಬೇಕು. ನೂರತೊಂಬತ್ತೆರಡನೇ ಪುಟದ ಕೊನೆಯ ಸಾಲು ಓದಿ, ‘ನಿಧಾನವಾಗಿ ತಿರುಗಿ,’ ಎಂದು ನಿಲ್ಲಿಸಿದರು. ಅಲ್ಲಿದ್ದ ಅರ್ಧ ಜನರ ತುಟಿಗಳು ಆ ಸಾಲನ್ನು ಅವರ ಜೊತೆಗೇ ಅಂದವು. ಹಾಳೆ ಮಗುಚಿದರು. ಕೈಯಲ್ಲಿ ಟೀ ಲೋಟದ ತಟ್ಟೆ ಹಿಡಿದು ಬಂದಿದ್ದ ಎದುರಿನ ಟೀ ಅಂಗಡಿಯವರು ಇಳಿಸಲೂ ಮರೆತು ಹಾಗೇ ನಿಂತಿದ್ದರು.

ಪತ್ತೇದಾರ ಒಬ್ಬೊಬ್ಬರನ್ನೇ ಬಿಡಿಸುತ್ತಾ ಹೋದ. ಅಡುಗೆಯವನು ಆ ಹೊತ್ತಿನಲ್ಲಿ ಪೇಟೆಯಲ್ಲಿದ್ದ. ಚಾಚಾ ಮೆಲ್ಲಗೆ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ತಮ್ಮ ಕಳ್ಳನೇ ಹೊರತು ಕೊಲೆಗಾರನಲ್ಲ. ಗೇಟಿನ ಹತ್ತಿರ ‘ಛೆ’ ಎಂಬ ಉದ್ಗಾರ. ಕಂಡಕ್ಟರ್ ಗೇಟಿಗೆ ಹಣೆ ಒರಗಿಸಿ ನಿಂತರು. ಡಾಕ್ಟರು ಪಾರಾದಾಗ ಮೇಡಂ ಧ್ವನಿ ಒಂದು ಕ್ಷಣ ಗಡುಸಾಯಿತು, ಆದರೂ ಓದಿದರು. ಗುಮಾಸ್ತನ ಕೀಲಿಗೊಂಚಲನ್ನು ಯಾರೋ ಕದ್ದು, ಕೆಲಸ ಮುಗಿಸಿ, ಹಾರ್ಮೋನಿಯಂ ಒಳಗೆ ಬಚ್ಚಿಟ್ಟಿದ್ದರು. ನಾನು ಮಂಡಿಯ ಮೇಲೆ ಎದ್ದು ಕೂತೆ. ನನ್ನ ಮೇಷ್ಟ್ರು ಇನ್ನೇನು ಸಿಕ್ಕಿಬಿದ್ದರು ಎನ್ನುವಷ್ಟರಲ್ಲಿ ಪತ್ತೇದಾರ ಅವರ ಭುಜ ತಟ್ಟಿ, ನೀವು ಕೂತುಕೊಳ್ಳಿ ಎಂದುಬಿಟ್ಟ.

ಆಮೇಲೆ ಪತ್ತೇದಾರ ಕೋಣೆಯ ಮೂಲೆ ಕಡೆ ತಿರುಗಿ ಒಂದು ಮಾತು ಹೇಳಿದ. ಮೇಡಂ ಅದನ್ನು ಓದಲು ಬಾಯಿ ತೆರೆದವರು ತಡೆದರು. ಕನ್ನಡಕ ಮೂಗಿನ ಕೆಳಕ್ಕೆ ಇಳಿಸಿ, ಪುಟವನ್ನು ಕಣ್ಣಿನ ಹತ್ತಿರ ತಂದು, ನಮ್ಮೆಲ್ಲರನ್ನೂ ನೋಡಿ, ಸಣ್ಣ ದನಿಯಲ್ಲಿ ಓದಿದರು.

‘ಫೋಟೋ ತೆಗೆಯಲು ಬಂದವನೇ.’

ಮೊದಲು ಮಾತಾಡಿದವರು ರಾಯಚರ್ಲಿನವರು.

‘ಯಾವ ಫೋಟೋದೋನು?’

ಗ್ರಂಥಾಲಯದವಳು ಓಡಿಬಂದು ಪುಸ್ತಕ ಇಸಕೊಂಡು ಹಿಂದಕ್ಕೆ ತಿರುವಿದಳು. ಹನ್ನೊಂದನೇ ಪುಟದಲ್ಲಿ ನಿಶ್ಚಿತಾರ್ಥಕ್ಕೆಂದು ಬಂದಿದ್ದ. ನಲವತ್ತರಲ್ಲಿ ಹೆಣದ ಫೋಟೋ ತೆಗೆದಿದ್ದ. ಎಂಬತ್ತೇಳರಲ್ಲಿ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದ. ಪುಸ್ತಕದ ತುಂಬ ಇದ್ದ. ನಾವ್ಯಾರೂ ಅವನನ್ನು ನೋಡಿರಲಿಲ್ಲ.

‘ಅಯ್ಯೋ, ನಾನು ಹೇಳ್ಲಿಲ್ವಾ,’ ಎಂಬ ದನಿ ತೊಟ್ಟಿಯ ಕಡೆಯಿಂದ ಬಂತು. ಅಜ್ಜಿ ಕಡಲೆಕಾಯಿ ಸಿಪ್ಪೆ ಕೊಡವಿ ಎದ್ದಿದ್ದರು. ‘ಅವ್ನಿಗೆ ಚಾಪೆ ಹಾಸಿಲ್ಲ ಅಂತ.’

ಅಂಗಳದ ಅಷ್ಟೂ ತಲೆ ಆ ಕಡೆ ತಿರುಗಿತು. ರಾಯಚರ್ಲಿನವರು ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಅಜ್ಜಿಯ ಎದುರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು.

‘ಅವ್ವಾ, ಹೆಂಗೆ ಗೊತ್ತಾಯ್ತು ನಿಂಗೆ? ನಾನು ಐದು ಸಲ ಓದೀನಿ.’

‘ನಂಗೆ ಓದೋಕೆ ಬರಲ್ಲಪ್ಪ. ಹೊಲ ಸೋಲಾರಿಗೆ ಕೊಟ್ಮೇಲೆ ಹೊತ್ತೇ ಹೋಗ್ತಿರ್ಲಿಲ್ಲ. ನಮ್ಮ ಸೊಸೆ ದಿನಾ ಮಧ್ಯಾಹ್ನ ಒಂದಿಷ್ಟು ಓದಿ ಹೇಳ್ತಾಳೆ. ನಾನು ಕಣ್ಣು ಮುಚ್ಕೊಂಡು ಆ ಮನೇನೆಲ್ಲ ನೋಡ್ತಾ ಕೂತಿರ್ತೀನಿ. ಎಲ್ರೂ ಅಳ್ತಾವ್ರೆ, ಒಬ್ರ ಮುಖ ಒಬ್ರು ನೋಡ್ತಾವ್ರೆ. ಅವ್ನೊಬ್ಬ ಮಾತ್ರ ಎಲ್ರುನ್ನೂ ನಿಲ್ಸಿ ನೋಡ್ತಾನೆ. ಅವ್ನನ್ನ ನೋಡೋರೇ ಇಲ್ಲ. ಅಂಗಿರೋನು ಏನ್ ಬೇಕಾದ್ರೂ ಮಾಡ್ಬೋದಲ್ಲಪ್ಪ.’

ರಾಯಚರ್ಲಿನವರು ಟೋಪಿ ತೆಗೆದು ಅಜ್ಜಿಗೆ ಕೈ ಮುಗಿದರು. ಆಗ ಶುರುವಾಯಿತು ನೋಡಿ ಗದ್ದಲ. ಗುಮಾಸ್ತನ ಕಡೆಯವರೂ ಡಾಕ್ಟರ ಕಡೆಯವರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು, ಇಬ್ಬರೂ ಸೋತ ಖುಷಿಗೆ. ಯಾರೋ ಅಜ್ಜಿಯನ್ನು ಕೈಹಿಡಿದು ತಂದು ಮೇಡಂ ಕುರ್ಚಿಯಲ್ಲಿ ಕೂರಿಸಿದರು. ಮೇಡಮ್ಮೇ ಅವರಿಗೆ ಟೀ ತಂದುಕೊಟ್ಟರು. ಅಜ್ಜಿಯ ಸೊಸೆ ಕೊನೆಯ ಸಾಲಿನಿಂದ ನಾಚಿಕೊಂಡು ಎದ್ದು ಬಂದಳು. ಅತ್ತೆ ಅವಳ ಮುಂಗೈ ಹಿಡಿದು, ‘ಇವಳು ಸಂದಾಕಿ ಓದ್ತಾಳೆ, ದನಿ ಬದಲಾಯಿಸಿ ಬದಲಾಯಿಸಿ ಓದ್ತಾಳೆ,’ ಎಂದು ಬಂದವರಿಗೆಲ್ಲ ಹೇಳಿದರು. ಮಿಕ್ಕ ಪುಟಗಳನ್ನು ಅವಳೇ ಓದಬೇಕೆಂದು ಮೇಡಂ ಪುಸ್ತಕ ಅವಳ ಕೈಗಿತ್ತರು. ನಿಜಕ್ಕೂ ಚೆನ್ನಾಗಿ ಓದಿದಳು. ಫೋಟೋದವನು ತಪ್ಪೊಪ್ಪಿಕೊಳ್ಳುವಲ್ಲಿ ಅವಳು ಧ್ವನಿ ಇಳಿಸಿದಾಗ ಕಾಂಪೌಂಡಿನ ಮೇಲೆ ಕೂತವರೂ ಮುಂದಕ್ಕೆ ಬಗ್ಗಿದರು.

ವಾಪಸು ಬರುವ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. ಹಾರ್ಮೋನಿಯಂ ವಿಷಯ ಹೇಳಿಬಿಟ್ಟೆ. ಮೇಡಂ ನನ್ನ ಕಡೆ ಮುಖ್ಯೋಪಾಧ್ಯಾಯಿನಿಯ ದೃಷ್ಟಿ ಬೀರಿದರು.

‘ನೋಡ್ಬ್ಯಾಡ ಅಂದಿದ್ದೆ.’

‘ಒಂದೇ ಪದ ಮೇಡಂ.’

ಕಂಡಕ್ಟರ್ ಟಿಕೆಟ್ ಯಂತ್ರ ಒರೆಸುತ್ತಾ ಕೆಮ್ಮಿದರು. ‘ನಾನೂ ನೋಡ್ಬುಟ್ಟೆ ಮೇಡಂ. ಹೋದ ವಾರ ಅಕ್ಕನ ಅಂಗಡೀಲಿ, ಅಕ್ಕ ಟೀ ತರೋಕೆ ಹೋದಾಗ. ಕಟ್ಟಕಡೇ ಸಾಲು.’

‘ಏನಿತ್ತು?’

‘ಮಳೆ ನಿಂತಿತ್ತು ಅಂತಿತ್ತು. ಅಷ್ಟೇ. ಒಂದು ವಾರದಿಂದ ತಲೆ ಕೆರ್ಕೊಂತಾ ಇವ್ನಿ, ಮಳೆಗೂ ತಮ್ಮನಿಗೂ ಏನ್ ಸಂಬಂಧ ಅಂತ.’

ಮೇಡಂ ತುಟಿ ಬಿಗಿದು ಕಿಟಕಿಯ ಕಡೆ ನೋಡಿದರು. ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಗಾಬರಿಯಾಗಿ ಬಗ್ಗಿ ನೋಡಿದೆ. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಆರು ವರ್ಷದಿಂದ ಅವರಿಗೆ ರವಿಕೆ ಹೊಲಿದವಳು ನಾನು, ಅವರ ನಗುವಿನ ಸದ್ದು ಕೇಳಿದ್ದು ಅದೇ ಮೊದಲು. ಚಿಕ್ಕ ಹುಡುಗಿಯ ಬಿಕ್ಕಳಿಕೆಯ ಹಾಗಿತ್ತು. ಅದನ್ನು ಕೇಳಿ ಚಾಚಾ ನಕ್ಕರು, ನಾನು ನಕ್ಕೆ, ಏನೆಂದು ಗೊತ್ತಿಲ್ಲದ ಮುಂದಿನ ಸೀಟಿನ ಹೆಂಗಸರೂ ನಕ್ಕರು. ಡ್ರೈವರ್ ಬಸ್ಸು ನಿಧಾನ ಮಾಡಿ, ‘ಏನ್ರಪ್ಪಾ ಆಯ್ತು ಹಿಂದೆ?’ ಎಂದು ಕೂಗಿದರು.

ಒಂದು ತಿಂಗಳಾದ ಮೇಲೆ ಗೋಣಿಚೀಲದಲ್ಲಿ ಅದೇ ಪುಸ್ತಕ ಮತ್ತೆ ನನ್ನ ಅಂಗಡಿಗೆ ಬಂತು. ಹೊಲಿಗೆ ಬಿಟ್ಟಿರಲಿಲ್ಲ. ಜೊತೆಗೆ ರೂಲು ಹಾಳೆಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದ ಹದಿನಾಲ್ಕು ಪುಟ. ರಾಯಚರ್ಲಿನವರು ತಮ್ಮದೇ ಕೊನೆ ಬರೆದಿದ್ದರು. ಅದರಲ್ಲಿ ಫೋಟೋದವನು ಸಿಕ್ಕಿಬಿದ್ದ ಮೇಲೂ ಕತೆ ಮುಗಿಯುವುದಿಲ್ಲ. ಅವನು ತೆಗೆದ ಒಂದು ಫೋಟೋದಲ್ಲಿ ಗುಮಾಸ್ತನ ಸೊಂಟದ ಕೀಲಿಗೊಂಚಲು ಕಾಣುತ್ತದೆ, ಇಬ್ಬರೂ ಸೇರಿಯೇ ಕೊಂದದ್ದು ಎಂದು ಗೊತ್ತಾಗುತ್ತದೆ. ಓದಿದೆ. ನನ್ನ ಮಾತು ಕೇಳಿದರೆ ಅಚ್ಚಾದದ್ದಕ್ಕಿಂತ ಅದೇ ಚೆನ್ನಾಗಿದೆ. ಆ ಹಾಳೆಗಳನ್ನೂ ಮಡಿಸಿ ಕೊನೆಯಲ್ಲಿ ಸೇರಿಸಿ ಹೊಲಿದೆ. ಗ್ರಂಥಾಲಯದವಳು ಹೇಳುವ ಪ್ರಕಾರ ಈಗ ಓದುಗರು ಮುಂಗಡವಾಗಿಯೇ ಕೇಳುತ್ತಾರಂತೆ: ಯಾವ ಕೊನೆ ಮೊದಲು ಓದಲಿ?

ಅಜ್ಜಿಯನ್ನು ಮತ್ತೊಮ್ಮೆ ನೋಡಿದ್ದು ಹೋದ ತಿಂಗಳು, ರಿಪೇರಿಯಾದ ಪುಸ್ತಕ ಕೊಡಲು ಪಾವಗಡಕ್ಕೆ ಹೋದಾಗ. ಸೊಸೆಯ ಜೊತೆ ಬಂದು ಕೌಂಟರಿನ ಮುಂದೆ ನಿಂತಿದ್ದರು. ಗ್ರಂಥಾಲಯದವಳು ಹೊಸದಾಗಿ ಬಂದ, ಮೈ ಮಿರುಗುವ ಎರಡು ಕಾದಂಬರಿ ಮುಂದಿಟ್ಟಳು. ಅಜ್ಜಿ ಅವನ್ನು ಮುಟ್ಟಿಯೂ ನೋಡಲಿಲ್ಲ.

‘ಇವೆಲ್ಲ ಪೂರಾ ಅವೆಯಲ್ಲಮ್ಮ,’ ಎಂದರು. ‘ಕೊನೇ ಹಾಳೆ ಇಲ್ದಿರೋದು ಇನ್ನೊಂದು ಐತಾ ನೋಡು. ಇದ್ರೆ ಕೊಡು.’

ಗ್ರಂಥಾಲಯದವಳು ನನ್ನ ಮುಖ ನೋಡಿದಳು. ನನ್ನ ಚೀಲದಲ್ಲಿ ಅಂಥದ್ದೊಂದಿತ್ತು. ಕೊನೆಯ ಎರಡು ಫಾರಂ ಎಲ್ಲಿ ಹೋದವೋ, ಹುಡುಕಿ ಸಾಕಾಗಿ ಹಾಗೇ ಹೊಲಿದು ತಂದಿದ್ದೆ. ತೆಗೆದು ಅಜ್ಜಿಯ ಕೈಗಿಟ್ಟೆ. ಅವರು ಬೆನ್ನಿನ ಮೇಲಿನ ಅರಿಶಿನ ಬಣ್ಣದ ಬಟ್ಟೆಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿ, ಸೆರಗಿನಲ್ಲಿ ಇಟ್ಟುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಸೊಸೆಯನ್ನು ಎಳೆದುಕೊಂಡು ಹೊರಟೇಬಿಟ್ಟರು.